ಓದುಗರ ಪ್ರಶ್ನೆಗೆ ಉತ್ತರ: ಪೆಟ್ಟಿಗೆಗೂ ಒಂದು ಶ್ರುತಿಯಿದೆ

ಪ್ರಶ್ನೆ: ನನ್ನದು ಚಿಕ್ಕ ಹ್ಯಾಚ್‌ಬ್ಯಾಕ್ ಕಾರು. ಡಿಕ್ಕಿಯಲ್ಲಿ 12 ಇಂಚಿನ ಸಬ್‌ವೂಫರನ್ನು (ಕೆಳಸ್ವರಗಳ ಸ್ಪೀಕರು) ರೆಡಿಮೇಡ್ ಪೆಟ್ಟಿಗೆಯಲ್ಲಿ ಕೂರಿಸಿ, 250 ವಾಟ್‌ನ ಆಂಪ್ಲಿಫೈಯರ್ ಹಾಕಿಸಿದ್ದೇನೆ. ಕೆಲವು ಹಾಡುಗಳಲ್ಲಿ ಒಂದೇ ಒಂದು ಸ್ವರ ಗುಂಯ್ ಎಂದು ಕಿಟಕಿಯ ಗಾಜು ನಡುಗುವಷ್ಟು ಜೋರಾಗುತ್ತದೆ. ಬೇರೆ ಹಾಡುಗಳಲ್ಲಿ ಬಾಸ್ ಬರುವುದೇ ಇಲ್ಲ, ಕೋನ್ ಮಾತ್ರ ಪಟಪಟನೆ ಬಡಿದುಕೊಳ್ಳುತ್ತದೆ. ಇನ್ನೂ ಹೆಚ್ಚು ವಾಟ್‌ನ ಆಂಪ್ ಬೇಕು ಎಂದು ಅಳವಡಿಸಿದವರು ಹೇಳುತ್ತಾರೆ. ಪೆಟ್ಟಿಗೆಯ ಹೊರ ಅಳತೆ 65, 38 ಮತ್ತು 35 ಸೆಂ.ಮೀ.; ಹಲಗೆ 18 ಮಿ.ಮೀ. ಎಂ.ಡಿ.ಎಫ್.; ಒಳವ್ಯಾಸ 10 ಸೆಂ.ಮೀ. ಇರುವ ಒಂದು ಪೈಪು, ಅದರ ಉದ್ದ 15 ಸೆಂ.ಮೀ. ಬಾಸ್ ಬೂಸ್ಟ್ ಪೂರ್ತಿ ತಿರುಗಿಸಿದೆ, ಲೋ ಪಾಸ್ ಫಿಲ್ಟರ್ (ಇಟ್ಟ ಅಂಕಿಗಿಂತ ಕೆಳಗಿನ ಸ್ವರಗಳನ್ನು ಮಾತ್ರ ಬಿಡುವುದು) 120 ಹರ್ಟ್ಸ್‌ನಲ್ಲಿದೆ. ನಾನು ಏನು ಬದಲಾಯಿಸಬೇಕು?
(ಹಾಸನದ ಓದುಗರು)

ಉತ್ತರ: ಮಾನ್ಯರೇ, ಅಳತೆಗಳನ್ನೆಲ್ಲ ಬರೆದು ಕಳುಹಿಸಿದ್ದಕ್ಕೆ ಧನ್ಯವಾದ. ಈ ವಿಷಯದಲ್ಲಿ ಬರುವ ಪತ್ರಗಳಲ್ಲಿ ವಾಟ್ ಇರುತ್ತದೆ, ಬೆಲೆ ಇರುತ್ತದೆ, ಪೈಪಿನ ಉದ್ದ ಮಾತ್ರ ಇರುವುದಿಲ್ಲ. ಹೊಸ ಆಂಪ್ ಸದ್ಯಕ್ಕೆ ಬೇಡ. ತಮ್ಮ ಪೆಟ್ಟಿಗೆಯ ಶ್ರುತಿ ಎಷ್ಟೆಂದು ತಿಳಿಯದೆ ಫಿಲ್ಟರ್‌ಗಳನ್ನು ತಿರುಗಿಸಿರುವುದೇ ತಾವು ಹೇಳಿದ ಎರಡೂ ತೊಂದರೆಗಳಿಗೆ ಕಾರಣ.

ನಲ್ಲಿಯ ಕೆಳಗೆ ಬಿಂದಿಗೆ ತುಂಬುವಾಗ ಅದರ ಸದ್ದು ಏರುತ್ತಾ ಹೋಗುವುದನ್ನು ತಾವು ಕೇಳಿರುತ್ತೀರಿ. ಒಳಗಿನ ಗಾಳಿಯ ಜಾಗ ಕಡಿಮೆಯಾದಂತೆ ಬಿಂದಿಗೆಯ ಸ್ವರ ಮೇಲಕ್ಕೆ ಹೋಗುತ್ತದೆ. ಪೋರ್ಟ್, ಅಂದರೆ ಗಾಳಿ ಹೊರಡುವ ಪೈಪು, ಇರುವ ಸಬ್‌ವೂಫರ್ ಪೆಟ್ಟಿಗೆಯೂ ಇದೇ ಜಾತಿಯದು. ಪೈಪಿನೊಳಗಿನ ಗಾಳಿ ತೂಕದಂತೆಯೂ ಪೆಟ್ಟಿಗೆಯೊಳಗಿನ ಗಾಳಿ ಸ್ಪ್ರಿಂಗಿನಂತೆಯೂ ವರ್ತಿಸಿ, ಎರಡೂ ಸೇರಿ ಒಂದು ನಿರ್ದಿಷ್ಟ ಕಂಪನಾಂಕದಲ್ಲಿ ಜೋರಾಗಿ ತೂಗಾಡುತ್ತವೆ; ಆ ಕಂಪನಾಂಕವೇ ಪೆಟ್ಟಿಗೆಯ ಶ್ರುತಿ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲಿ ವಿವರಿಸಿದ ಈ ಅನುರಣನವನ್ನು ಸ್ಪೀಕರ್ ಪೆಟ್ಟಿಗೆಗೆ ಕ್ರಮಬದ್ಧವಾಗಿ ಅನ್ವಯಿಸಿ ಲೆಕ್ಕಕ್ಕೆ ಸಿಗುವಂತೆ ಮಾಡಿದವರು ಆಸ್ಟ್ರೇಲಿಯಾದ ನೆವಿಲ್ ಥೀಲ್ (1961) ಮತ್ತು 1970ರ ದಶಕದಲ್ಲಿ ಆ ಕೆಲಸವನ್ನು ಮುಂದುವರಿಸಿದ ರಿಚರ್ಡ್ ಸ್ಮಾಲ್. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂದು ಮುದ್ರಿಸಿರುವ ಅಂಕಿಗಳು ಈ ಇಬ್ಬರ ಹೆಸರಿನವೇ. ಆ ಕಾಗದವನ್ನು ರಟ್ಟಿನ ಡಬ್ಬದೊಂದಿಗೆ ಎಸೆಯಬಾರದು.

ಈಗ ಲೆಕ್ಕಕ್ಕೆ ಬರೋಣ. ಹಲಗೆಯ ದಪ್ಪವನ್ನು ಎರಡೂ ಬದಿ ಕಳೆದರೆ ಪೆಟ್ಟಿಗೆಯ ಒಳ ಅಳತೆ 61.4, 34.4 ಮತ್ತು 31.4 ಸೆಂ.ಮೀ. ಆಗುತ್ತದೆ, ಅಂದರೆ ಸುಮಾರು 66 ಲೀಟರ್. ಸ್ಪೀಕರಿನ ಹಿಂಭಾಗ ನುಂಗುವ ಸುಮಾರು 3 ಲೀಟರನ್ನೂ ಪೈಪು ನುಂಗುವ ಒಂದೂವರೆ ಲೀಟರನ್ನೂ ಕಳೆದರೆ ಉಳಿಯುವುದು 62 ಲೀಟರ್. ಬೇಕಾದ ಪೈಪಿನ ಉದ್ದ ಕಂಡುಹಿಡಿಯುವ ಸೂತ್ರ ಹೀಗಿದೆ: ಪೈಪಿನ ಒಳವ್ಯಾಸವನ್ನು ಸೆಂ.ಮೀ.ನಲ್ಲಿ ಅಳೆದು, ಅದರ ವರ್ಗವನ್ನು 23,560ರಿಂದ ಗುಣಿಸಬೇಕು. ಬಂದದ್ದನ್ನು ಶ್ರುತಿಯ ವರ್ಗದಿಂದಲೂ ಲೀಟರಿನಿಂದಲೂ ಭಾಗಿಸಬೇಕು. ಕೊನೆಗೆ ವ್ಯಾಸದ 0.73 ಪಟ್ಟನ್ನು ಕಳೆಯಬೇಕು. ಇದನ್ನೇ ಹಿಂದುಮುಂದಾಗಿ ಮಾಡಿದರೆ ತಮ್ಮ 15 ಸೆಂ.ಮೀ. ಪೈಪಿಗೆ ಸಿಗುವ ಶ್ರುತಿ ಸುಮಾರು 41 ಹರ್ಟ್ಸ್. ನಾಲ್ಕು ತಂತಿಯ ಬಾಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯೂ 41 ಹರ್ಟ್ಸ್‌ನಲ್ಲೇ ನುಡಿಯುತ್ತದೆ. ಆಂಪ್‌ಗಳ ಬಾಸ್ ಬೂಸ್ಟ್ ಸಾಮಾನ್ಯವಾಗಿ 45 ಹರ್ಟ್ಸ್ ಸುತ್ತಮುತ್ತಲನ್ನು 12 ಡೆಸಿಬಲ್‌ವರೆಗೂ ಎತ್ತುತ್ತದೆ, ಅಂದರೆ ಆ ಒಂದು ಜಾಗದಲ್ಲಿ 16 ಪಟ್ಟು ಶಕ್ತಿ ಕೇಳುತ್ತದೆ. ಪೆಟ್ಟಿಗೆ ತಾನಾಗಿಯೇ ಜೋರಾಗಿ ನುಡಿಯುವ ಕಡೆಯಲ್ಲೇ ತಾವು ಬೂಸ್ಟನ್ನೂ ಹೇರಿದ್ದೀರಿ. ಗಾಜು ನಡುಗದೆ ಇನ್ನೇನಾದೀತು?

ಕೋನ್ ಬಡಿದುಕೊಳ್ಳುವುದು ಇದರ ಇನ್ನೊಂದು ಮುಖ. ಶ್ರುತಿಯ ಕಂಪನಾಂಕದಲ್ಲಿ ಕೆಲಸವನ್ನೆಲ್ಲ ಪೈಪಿನ ಗಾಳಿಯೇ ಮಾಡುವುದರಿಂದ ಕೋನ್ ಬಹುತೇಕ ನಿಂತಂತೆ ಕಾಣುತ್ತದೆ. ಶ್ರುತಿಗಿಂತ ಕೆಳಗಿಳಿದರೆ ಕೋನಿನ ಹಿಂಬದಿಯ ಗಾಳಿ ಪೈಪಿನಿಂದ ಸರಾಗವಾಗಿ ಹೊರಗೆ ಹೋಗಿ, ಪೆಟ್ಟಿಗೆ ಇದ್ದೂ ಇಲ್ಲದಂತಾಗುತ್ತದೆ. ಆಗ ಕೋನ್ ಹಿಡಿತವಿಲ್ಲದೆ ಹಿಂದಕ್ಕೂ ಮುಂದಕ್ಕೂ ಹಾರುತ್ತದೆ, ಆದರೆ ಮುಂದಿನ ಅಲೆಯೂ ಹಿಂದಿನ ಅಲೆಯೂ ಒಂದನ್ನೊಂದು ತಿಂದುಹಾಕುವುದರಿಂದ ಸದ್ದು ಮಾತ್ರ ಬರುವುದಿಲ್ಲ. ಈಗಿನ ಸಿನಿಮಾ ಹಾಡುಗಳ ಸಿಂಥ್ ಬಾಸ್ 35 ಹರ್ಟ್ಸ್‌ಗೆ ಇಳಿಯುವುದು ಸಾಮಾನ್ಯ. ಅಲ್ಲಿ ಹೆಚ್ಚು ವಾಟ್ ಕೊಟ್ಟರೆ ಬಾಸ್ ಹೆಚ್ಚುವುದಿಲ್ಲ, ಕೋನನ್ನು ಅಲುಗಿಸುವ ತಂತಿಸುರುಳಿ, ಅಂದರೆ ವಾಯ್ಸ್ ಕಾಯಿಲ್, ಬೇಗ ಹಾಳಾಗುತ್ತದೆ.

ಲೆಕ್ಕದ ಮೇಲೆ ನಂಬಿಕೆ ಸಾಲದಿದ್ದರೆ ಕಣ್ಣಿನಿಂದಲೇ ನೋಡಬಹುದು. ಮೊಬೈಲಿನ ಟೋನ್ ಜನರೇಟರ್ ಆ್ಯಪನ್ನು ಸ್ಟೀರಿಯೊಗೆ ಜೋಡಿಸಿ, ಬಾಸ್ ಬೂಸ್ಟನ್ನೂ ಸಬ್‌ಸಾನಿಕ್ ಫಿಲ್ಟರನ್ನೂ (ತೀರಾ ಕೆಳಗಿನ ಸ್ವರಗಳನ್ನು ತಡೆಯುವುದು) ಆರಿಸಿ, ವಾಲ್ಯೂಮನ್ನು ಮಾತಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿಡಿ. ಒಂದು ಊದುಬತ್ತಿ ಹಚ್ಚಿ ಪೈಪಿನ ಬಾಯಿಗೆ ಎರಡು ಬೆರಳಿನಷ್ಟು ದೂರದಲ್ಲಿ ಹಿಡಿದು, ಕಂಪನಾಂಕವನ್ನು 60ರಿಂದ ಒಂದೊಂದೇ ಹರ್ಟ್ಸ್ ಇಳಿಸುತ್ತಾ ಬನ್ನಿ. ಮೊದಲು ನೆಟ್ಟಗೆ ಏರುತ್ತಿದ್ದ ಹೊಗೆ ನಲವತ್ತೈದರ ಹೊತ್ತಿಗೆ ನಡುಗತೊಡಗಿ, ಶ್ರುತಿಯ ಹತ್ತಿರ ಬಂದಾಗ ಯಾರೋ ಊದಿದಂತೆ ಚದುರುತ್ತದೆ. ಆ ಕ್ಷಣದಲ್ಲಿ ಇನ್ನೊಂದು ಕೈಯ ಬೆರಳನ್ನು ಕೋನಿನ ನಡುವಿನ ಗುಬ್ಬಿಯ ಮೇಲೆ ಹಗುರವಾಗಿ ಇಟ್ಟರೆ ಅದರ ಅದುರು ಕಡಿಮೆಯಾಗಿರುವುದು ತಿಳಿಯುತ್ತದೆ. ಇನ್ನೂ ಐದಾರು ಹರ್ಟ್ಸ್ ಇಳಿಸಿದರೆ ಬೆರಳನ್ನೇ ತಳ್ಳುವಷ್ಟು ಅದುರು ಮರಳುತ್ತದೆ. ಕೋನ್ ಅತಿ ಕಡಿಮೆ ಅಲುಗಿದ ಅಂಕಿಯೇ ತಮ್ಮ ಪೆಟ್ಟಿಗೆಯ ಶ್ರುತಿ. ನಾನು ಮೊದಲು ಮಾಡಿಸಿದ ಪೆಟ್ಟಿಗೆಯಲ್ಲಿ ಹೊಗೆ ಪೈಪಿನ ಬಾಯಲ್ಲಲ್ಲದೆ ಕೆಳಗಿನ ಮೂಲೆಯೊಂದರಲ್ಲೂ ಅಲುಗುತ್ತಿತ್ತು. ಎರಡು ಹಲಗೆ ಕೂಡುವಲ್ಲಿ ಅಂಟು ಹಿಡಿದಿರಲಿಲ್ಲ. ಮೂರು ತಿಂಗಳು ಆ ‘ಹುಸ್’ ಸದ್ದನ್ನು ಸ್ಪೀಕರಿನ ದೋಷವೆಂದೇ ಭಾವಿಸಿ ಬೈದುಕೊಂಡಿದ್ದೆ. ಹತ್ತು ನಿಮಿಷದ ಸಿಲಿಕೋನ್ ಕೆಲಸದಿಂದ ಅದು ನಿಂತಿತು.

ಶ್ರುತಿಯನ್ನು ಎಲ್ಲಿಡಬೇಕು ಎಂಬುದಕ್ಕೆ ಕಾರಿನ ಒಳಾಂಗಣವೇ ಅರ್ಧ ಉತ್ತರ ಕೊಡುತ್ತದೆ. ಮುಚ್ಚಿದ ಕಾರಿನೊಳಗೆ, ಅದರ ಉದ್ದದ ಎರಡು ಪಟ್ಟು ಮೀರಿದ ಅಲೆಗಳು ಅಲೆಗಳಾಗಿ ಉಳಿಯದೆ ಒತ್ತಡವಾಗಿ ಬದಲಾಗುವುದರಿಂದ, ಕಂಪನಾಂಕ ಇಳಿದಂತೆ ಸದ್ದು ತಾನಾಗಿ ಏರುತ್ತದೆ. ಒಳಗೆ 2.7 ಮೀಟರ್ ಉದ್ದವಿರುವ ಹ್ಯಾಚ್‌ಬ್ಯಾಕಿನಲ್ಲಿ ಈ ಏರಿಕೆ ಸುಮಾರು 63 ಹರ್ಟ್ಸ್‌ನಿಂದ ಕೆಳಗೆ ಆರಂಭವಾಗುತ್ತದೆ. ಹೀಗೆ ಕಾರೇ ಕೆಳಸ್ವರಗಳನ್ನು ಎತ್ತಿಕೊಡುವಾಗ ಪೆಟ್ಟಿಗೆಯನ್ನು 41ರಲ್ಲಿಟ್ಟು ಮಧ್ಯದಲ್ಲೊಂದು ಗುಡ್ಡ ಕಟ್ಟುವುದಕ್ಕಿಂತ 34-35ಕ್ಕೆ ಇಳಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ತಮ್ಮ ಪೆಟ್ಟಿಗೆಗೆ 35 ಹರ್ಟ್ಸ್ ಬೇಕಾದರೆ ಪೈಪಿನ ಉದ್ದ 15ರ ಬದಲು ಸುಮಾರು 24 ಸೆಂ.ಮೀ. ಆಗಬೇಕು. ಇಲ್ಲೊಂದು ಎಚ್ಚರಿಕೆ: ಪೈಪಿನ ಒಳತುದಿಗೂ ಎದುರಿನ ಹಲಗೆಗೂ ನಡುವೆ ಕನಿಷ್ಠ ಪೈಪಿನ ವ್ಯಾಸದಷ್ಟು, ಅಂದರೆ 10 ಸೆಂ.ಮೀ. ಜಾಗ ಬೇಕು. ಮುಂದಿನ ಹಲಗೆಯಲ್ಲೇ ಹಾಕಿದರೆ ತಮಗೆ 9 ಸೆಂ.ಮೀ. ಮಾತ್ರ ಉಳಿಯುತ್ತದೆ. ಆದ್ದರಿಂದ ಹಳೆಯ ತೂತನ್ನು ಮುಚ್ಚಿಸಿ ಅಗಲದ ದಿಕ್ಕಿಗೆ, ಪಕ್ಕದ ಹಲಗೆಯಲ್ಲಿ ಹೊಸ ತೂತು ಕೊರೆಸಿ, ಪೈಪಿನ ಬಾಯಿ ಡಿಕ್ಕಿಯ ಗೋಡೆಗೆ ಅಂಟಿಕೊಳ್ಳದಂತೆ ನೋಡಿಕೊಳ್ಳಿ. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿ.ವಿ.ಸಿ. ಪೈಪು ಸಾಕು; ಆದರೆ 110 ಎಂಬುದು ಹೊರವ್ಯಾಸ, ಒಳವ್ಯಾಸವನ್ನು ತಾವೇ ಅಳೆದು ಲೆಕ್ಕ ಹಾಕಬೇಕು.

ಒಂದೇ ಪೈಪಿನಿಂದ 250 ವಾಟ್‌ನ ಗಾಳಿ ಹೊರಡುವಾಗ ‘ಭುಸ್’ ಎಂಬ ಸದ್ದು ಬರಬಹುದು. ಗಾಳಿಯ ವೇಗ ಸೆಕೆಂಡಿಗೆ 17 ಮೀಟರಿನ ಒಳಗಿದ್ದರೆ ಸದ್ದು ಕೇಳಿಸದು ಎಂಬುದು ಬಳಕೆಯಲ್ಲಿರುವ ಅಂದಾಜು. ಹಾಗೆಂದು ಎರಡನೆಯ ಪೈಪು ಸೇರಿಸಿದರೆ ಅದೇ ಶ್ರುತಿಗೆ ಪ್ರತಿಯೊಂದೂ ಸುಮಾರು 55 ಸೆಂ.ಮೀ. ಉದ್ದ ಬೇಕಾಗುತ್ತದೆ, ಅದು ತಮ್ಮ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ. ಪೈಪಿನ ಎರಡೂ ಬಾಯಿಗಳನ್ನು ಹೊರಚಾಚಿ ದುಂಡಗೆ ಮಾಡಿಸಿದರೆ ಸಾಕಷ್ಟು ಉಪಯೋಗವಾಗುತ್ತದೆ. ಆಮೇಲೂ ಸದ್ದು ಉಳಿದರೆ, ಬಡಗಿಯಿಂದ ಹಲಗೆಯ ಸೀಳು ಪೋರ್ಟ್ ಇರುವ ಹೊಸ ಪೆಟ್ಟಿಗೆ ಮಾಡಿಸುವುದೇ ದಾರಿ.

ಇನ್ನು ಫಿಲ್ಟರ್‌ಗಳು. ಸಬ್‌ಸಾನಿಕ್ ಫಿಲ್ಟರನ್ನು ಶ್ರುತಿಗಿಂತ ಐದಾರು ಹರ್ಟ್ಸ್ ಕೆಳಗೆ ಇಡಿ: ಈಗಿನ ಪೈಪು ಇರುವವರೆಗೆ 35, ಹೊಸ ಪೈಪು ಬಂದ ಮೇಲೆ 29 ಅಥವಾ 30. ಕೋನನ್ನು ಕಾಯುವ ಕಾವಲುಗಾರ ಇದೇ. ಬಾಸ್ ಬೂಸ್ಟನ್ನು ಸೊನ್ನೆಗೆ ತಿರುಗಿಸಿ, ಅಲ್ಲೇ ಬಿಡಿ. ಲೋ ಪಾಸನ್ನು 120ರಿಂದ 80ಕ್ಕೆ ತನ್ನಿ; 120ರಲ್ಲಿ ಗಂಡಸರ ದನಿಯ ಕೆಳಭಾಗವೂ ಡಿಕ್ಕಿಯಿಂದಲೇ ಬರುತ್ತದೆ, ಆದರೆ 80ರ ಕೆಳಗಿನ ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ನಮ್ಮ ಕಿವಿ ಸುಲಭವಾಗಿ ಗುರುತಿಸದು. ಬಾಗಿಲಿನ ಸ್ಪೀಕರುಗಳಿಗೆ ಹೈ ಪಾಸನ್ನು (ಮೇಲಿನ ಸ್ವರಗಳನ್ನು ಮಾತ್ರ ಬಿಡುವ ಫಿಲ್ಟರ್) ಅದೇ 80ಕ್ಕೆ ಇಡುವುದನ್ನು ಮರೆಯಬೇಡಿ. ಸ್ಟೀರಿಯೊದಲ್ಲೂ ಆಂಪ್‌ನಲ್ಲೂ ಲೋ ಪಾಸ್ ಇದ್ದರೆ ಒಂದನ್ನು ಮಾತ್ರ ಬಳಸಿ. ಎರಡೂ ಒಟ್ಟಿಗೆ ಕೆಲಸ ಮಾಡಿದರೆ ಇಳಿಜಾರು ಅನಗತ್ಯವಾಗಿ ಕಡಿದಾಗಿ, ಬಾಗಿಲಿನ ಸ್ಪೀಕರಿಗೂ ಸಬ್‌ವೂಫರಿಗೂ ಕೂಡುವ ಜಾಗದಲ್ಲಿ ಹಳ್ಳ ಬೀಳುತ್ತದೆ.

ಕಡೆಯದಾಗಿ ಗೇನ್. ಅದು ವಾಲ್ಯೂಮ್ ಗುಬ್ಬಿಯಲ್ಲ. ಸ್ಟೀರಿಯೊ ಕೊಡುವ ವೋಲ್ಟೇಜಿಗೆ ಆಂಪನ್ನು ಹೊಂದಿಸುವ ಗುಬ್ಬಿ. ಸಬ್‌ವೂಫರಿನ ತಂತಿ ಬಿಚ್ಚಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, 50 ಹರ್ಟ್ಸ್ ಟೋನ್ ಹಾಕಿ, ಆಂಪ್‌ನ ಹೊರದಾರಿಯಲ್ಲಿ ಮಲ್ಟಿಮೀಟರನ್ನು ಎ.ಸಿ. ವೋಲ್ಟ್‌ಗೆ ಇಟ್ಟು ಹಿಡಿಯಿರಿ. 250 ವಾಟ್‌ಗೆ 4 ಓಮ್‌ನಲ್ಲಿ 31.6 ವೋಲ್ಟ್ ಬರಬೇಕು. ಗೇನನ್ನು ಕನಿಷ್ಠದಿಂದ ಏರಿಸುತ್ತಾ ಹೋಗಿ, ಆ ಅಂಕಿ ಕಂಡಲ್ಲಿ ನಿಲ್ಲಿಸಿ.

ಪ್ರಶ್ನೆ: ಸೆಡಾನ್ ಕಾರಿನ ಡಿಕ್ಕಿಯಲ್ಲಿ ಪೆಟ್ಟಿಗೆ ಇಟ್ಟಿದ್ದೇನೆ. ಕಾರಿನ ಹಿಂದೆ ನಿಂತರೆ ಬಾಸ್ ಚೆನ್ನಾಗಿದೆ, ಚಾಲಕನ ಸೀಟಿನಲ್ಲಿ ಏನೂ ಇಲ್ಲ. ಫೇಸ್ ಎಂಬ ಸ್ವಿಚ್ ಯಾವುದಕ್ಕೆ? ಎಂ.ಡಿ.ಎಫ್. ನಮ್ಮ ಕರಾವಳಿಗೆ ಸರಿಯೇ?
(ಉಡುಪಿಯ ಓದುಗರು)

ಉತ್ತರ: ಹ್ಯಾಚ್‌ಬ್ಯಾಕಿನಲ್ಲಿ ಡಿಕ್ಕಿಯೂ ಕೂರುವ ಜಾಗವೂ ಒಂದೇ ಕೋಣೆ, ಸೆಡಾನಿನಲ್ಲಿ ನಡುವೆ ಸೀಟೂ ತಗಡೂ ಇವೆ. ಮೊದಲು ಹಿಂದಿನ ಸೀಟಿನ ಬೆನ್ನನ್ನು ಮಡಚಿ ಕೇಳಿ ನೋಡಿ. ಬಾಸ್ ಒಮ್ಮೆಲೇ ಮುಂದೆ ಬಂದರೆ ತಡೆ ಎಲ್ಲಿದೆ ಎಂದು ತಿಳಿಯಿತು. ಸೀಟು ಮಡಚುವ ಅನುಕೂಲವಿಲ್ಲದಿದ್ದರೆ ಕೋನಿನ ಮುಖವನ್ನು ಹಿಂಬದಿಗೆ ತಿರುಗಿಸಿ, ಪೆಟ್ಟಿಗೆಯನ್ನು ಹಿಂದೆ ಮುಂದೆ ಸರಿಸಿ ಕೇಳಿರಿ.

ಬಾಗಿಲಿನ ಸ್ಪೀಕರು ತಮಗೆ ಒಂದು ಮೀಟರ್ ದೂರದಲ್ಲಿದ್ದು ಪೆಟ್ಟಿಗೆ ಎರಡೂವರೆ ಮೀಟರ್ ದೂರದಲ್ಲಿದ್ದರೆ, 80 ಹರ್ಟ್ಸ್‌ನ ಅಲೆಯ ಉದ್ದ 4.3 ಮೀಟರ್ ಇರುವುದರಿಂದ, ಎರಡು ಸದ್ದುಗಳೂ ಮೂರನೆಯ ಒಂದು ಭಾಗದಷ್ಟು ಅಲೆಯ ಅಂತರದಲ್ಲಿ ಕಿವಿಗೆ ಬರುತ್ತವೆ. ಆಗ ಅವು ಕೂಡಿಕೊಳ್ಳುವ ಬದಲು ಪರಸ್ಪರ ಕಳೆದುಕೊಳ್ಳಬಹುದು. ಫೇಸ್ ಸ್ವಿಚ್ ಸಬ್‌ವೂಫರಿನ ಅಲೆಯನ್ನು ತಲೆಕೆಳಗು ಮಾಡುತ್ತದೆ. ತಾವು ಚಾಲಕನ ಸೀಟಿನಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತು, 80 ಹರ್ಟ್ಸ್ ಟೋನ್ ಹಾಕಿ, ಇನ್ನೊಬ್ಬರಿಂದ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಾಯಿಸಿ ಕೇಳಿ. ಜೋರಾಗಿ ಕೇಳಿದ್ದೇ ಸರಿ. ಸ್ಟೀರಿಯೊದಲ್ಲಿ ಟೈಮ್ ಅಲೈನ್‌ಮೆಂಟ್ (ಪ್ರತಿ ಸ್ಪೀಕರಿನ ಸದ್ದನ್ನು ಬೇಕಾದಷ್ಟು ತಡಮಾಡುವ ಸೌಲಭ್ಯ) ಇದ್ದರೆ ಬಾಗಿಲಿನ ಸ್ಪೀಕರಿಗೆ 4.4 ಮಿಲಿಸೆಕೆಂಡ್ ತಡ ಕೊಡುವುದು ಇನ್ನೂ ನಿಖರವಾದ ಉಪಾಯ.

ಎಂ.ಡಿ.ಎಫ್. ಮಳೆಗಾಲದ ತೇವ ಕುಡಿದು ಅಂಚುಗಳಲ್ಲಿ ಉಬ್ಬುತ್ತದೆ. ಕರಾವಳಿಯಲ್ಲಿ 18 ಮಿ.ಮೀ. ನೀರು ತಾಳುವ ಪ್ಲೈವುಡ್ಡೇ ಸರಿ. ಈಗಾಗಲೇ ಎಂ.ಡಿ.ಎಫ್. ಇದ್ದರೆ ಕತ್ತರಿಸಿದ ಅಂಚುಗಳಿಗೂ ತಳಕ್ಕೂ ಎರಡು ಸಲ ಬಣ್ಣ ಹೊಡೆಸಿ.

ಪ್ರಶ್ನೆ: ಪೆಟ್ಟಿಗೆಯೊಳಗೆ ಹತ್ತಿ ತುಂಬಿದರೆ ಬಾಸ್ ಹೆಚ್ಚುವುದೇ?
(ಶಿವಮೊಗ್ಗದ ಓದುಗರು)

ಉತ್ತರ: ಪೋರ್ಟ್ ಇಲ್ಲದ ಮುಚ್ಚಿದ ಪೆಟ್ಟಿಗೆಯಾದರೆ, ದಿಂಬಿಗೆ ತುಂಬುವ ಪಾಲಿಯೆಸ್ಟರ್ ಹತ್ತಿಯನ್ನು ಬಿಡಿಸಿ ಸಡಿಲವಾಗಿ ತುಂಬಿದಾಗ ಪೆಟ್ಟಿಗೆ ಇರುವುದಕ್ಕಿಂತ ತುಸು ದೊಡ್ಡದರಂತೆ ವರ್ತಿಸುತ್ತದೆ ಮತ್ತು ಬಾಸ್ ಸ್ವಲ್ಪ ಕೆಳಗಿಳಿಯುತ್ತದೆ. ಒತ್ತಿ ತುಂಬಿದರೆ ಜಾಗವೇ ಕಡಿಮೆಯಾಗಿ ಉದ್ದೇಶ ಕೆಡುತ್ತದೆ. ಪೋರ್ಟ್ ಇರುವ ಪೆಟ್ಟಿಗೆಗೆ ತುಂಬಲೇಬೇಡಿ. ಹತ್ತಿ ಪೈಪಿನ ಒಳಬಾಯಿಗೆ ಸರಿದರೆ ಗಾಳಿಯ ದಾರಿ ಕಟ್ಟಿ ಶ್ರುತಿಯೇ ಇಲ್ಲವಾಗುತ್ತದೆ. ಜೋರಾಗಿ ನುಡಿಸಿದಾಗ ಅದು ತುಣುಕು ತುಣುಕಾಗಿ ಡಿಕ್ಕಿಯ ತುಂಬ ಹಾರುವುದೂ ಉಂಟು.