ಮುಂಬೈಯ ಕನ್ನಡ ಶಾಲೆಗೆ ಪ್ರತಿ ಮಳೆಗಾಲ ನೀರು ನುಗ್ಗುತ್ತದೆ, ಮೊದಲು ಏನು ಮಾಡಬೇಕು?

ಸಾಯನ್ ಕಡೆಯ ನಿಮ್ಮ ಕನ್ನಡ ಶಾಲೆಯ ನೆಲಮಹಡಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ, ದುಡ್ಡು ಕಮ್ಮಿ, ಪಂಪ್ ಕೊಳ್ಳೋಣವೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ಹೊರಗೆ ರಸ್ತೆಯೇ ತುಂಬಿರುವಾಗ ಪಂಪ್ ಹೊರಹಾಕಿದ ನೀರು ಗೇಟಿನಿಂದ ಮತ್ತೆ ಒಳಗೇ ಬರುತ್ತದೆ. ಮೊದಲು ಬೇಕಾದದ್ದು ಸಮುದ್ರದ ಉಬ್ಬರದ, ಅಂದರೆ ಭರತಿಯ, ವೇಳಾಪಟ್ಟಿ.

ಮಹಾನಗರ ಪಾಲಿಕೆ ಪ್ರತಿ ಮಳೆಗಾಲಕ್ಕೆ ಮುಂಚೆ 4.5 ಮೀಟರ್ ಮೀರುವ ಭರತಿಯ ದಿನ ಮತ್ತು ಸಮಯ ಪ್ರಕಟಿಸುತ್ತದೆ. ಸಮುದ್ರ ಅಷ್ಟು ಏರಿದಾಗ ಮಳೆನೀರಿನ ನಾಲೆಗಳು ಸಮುದ್ರಕ್ಕೆ ಬಿಡಲಾರವು, ನೀರು ಬೀದಿಯಲ್ಲೇ ನಿಲ್ಲುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದೊಡ್ಡ ಭರತಿ ಇಲ್ಲಿ ಬರುವುದು ಹೆಚ್ಚಾಗಿ ಮಧ್ಯಾಹ್ನದ ಹೊತ್ತಿಗೆ. ಬೆಳಗಿನ ಪಾಳಿ ಬಿಟ್ಟು ಮಧ್ಯಾಹ್ನದ ಪಾಳಿ ಸೇರುವುದೂ ಆಗಲೇ! 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ಸುರಿದಾಗಲೂ ಮಧ್ಯಾಹ್ನದ ಭರತಿ ಅದಕ್ಕೆ ಜೊತೆಯಾಗಿತ್ತು.

ಆದ್ದರಿಂದ ಪಟ್ಟಿಯನ್ನು ಶಾಲೆಯ ಗಂಟೆಯ ಪಕ್ಕ ತೂಗುಹಾಕಿ. ಹವಾಮಾನ ಇಲಾಖೆ ಕಿತ್ತಳೆ ಅಥವಾ ಕೆಂಪು ಎಚ್ಚರಿಕೆ ಕೊಟ್ಟ ದಿನ ದೊಡ್ಡ ಭರತಿಯೂ ಇದ್ದರೆ, ಅದಕ್ಕೆ ಎರಡು ತಾಸು ಮುಂಚೆಯೇ ಮಕ್ಕಳು ಮನೆ ಮುಟ್ಟುವಂತೆ ಬಿಡಿ. ಆ ಸಮಯ ತಪ್ಪಿತೋ, ಬಿಡಲೇಬೇಡಿ. ನೀರಿನಡಿ ಬಾಯಿ ತೆರೆದ ಮ್ಯಾನ್‌ಹೋಲ್ ದೊಡ್ಡವರ ಕಣ್ಣಿಗೇ ಬೀಳುವುದಿಲ್ಲ. ಮಕ್ಕಳನ್ನು ಮೇಲಿನ ಮಹಡಿಯಲ್ಲೇ ಇರಿಸಿ, ಪಾಲಕರಿಗೆ ‘ಈಗ ಬರಬೇಡಿ’ ಎಂದು ಸಂದೇಶ ಹಾಕಿ. ಇದಕ್ಕಾಗಿ ಚುರುಮುರಿ, ಬಿಸ್ಕತ್ತು, ಕುಡಿಯುವ ನೀರು, ಟಾರ್ಚು ಜೂನ್ ಮೊದಲೇ ಮೇಲಿರಲಿ. ಹಾಜರಿ ಪುಸ್ತಕ, ದಾಖಲೆಗಳೂ ಅಲ್ಲೇ. ತುರ್ತಿಗೆ ಪಾಲಿಕೆಯ ಸಂಖ್ಯೆ 1916.

ಇರುವ ದುಡ್ಡನ್ನು ಕರೆಂಟಿನ ಸುರಕ್ಷತೆಗೆ ಹಾಕಿ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಗೋಡೆಯೇ ಹೇಳುತ್ತದೆ, ಆದರೆ ಸರಿಯಾಗಿ ಓದಬೇಕು. ಕೆಳಗೆ ತೆಳ್ಳಗೆ ಕೆಸರು ಹಿಡಿದ ಗೆರೆಯೇ ನೀರಿನ ಮಟ್ಟ. ಅದರ ಮೇಲೆ ಬಣ್ಣ ಉಬ್ಬಿ ಬಿಳಿ ಉಪ್ಪು ಹೊಮ್ಮಿರುವುದು ಗೋಡೆ ಹೀರಿದ ತೇವ. ಆ ತೇವದ ಗೆರೆಗಿಂತಲೂ ಮೇಲಕ್ಕೆ ಸ್ವಿಚ್ಚು, ಸಾಕೆಟ್ಟು, ವೈರಿನ ಜೋಡಣೆ ಎಲ್ಲವನ್ನೂ ಏರಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು) ಹಾಕಿಸಿ, ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ ನೋಡಿ. ಮಳೆಗಾಲದಲ್ಲಿ ಅದು ಪದೇ ಪದೇ ಆಫ್ ಆದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಕಿರಿಕಿರಿ ಎಂದು ಅದನ್ನು ಬೈಪಾಸ್ ಮಾಡಿಸುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ.

ಆಮೇಲೆ ನೆಲದಡಿಯ ಟ್ಯಾಂಕು. ಮುಚ್ಚಳದ ಸುತ್ತ ನೀರಿನ ಗೆರೆಗಿಂತ ಎತ್ತರಕ್ಕೆ ಇಟ್ಟಿಗೆ ಕಟ್ಟೆ ಕಟ್ಟಿಸಿ ಗಿಲಾಯಿ (ಪ್ಲಾಸ್ಟರ್) ಮಾಡಿಸಿ. ಓವರ್‌ಫ್ಲೋ ಪೈಪನ್ನು ಬಹಳ ಜನ ಮರೆಯುತ್ತಾರೆ, ಕೊಳಚೆ ಅದರಿಂದಲೂ ಒಳಗಿಳಿಯುತ್ತದೆ. ಒಮ್ಮೆ ಕೊಳಚೆ ಸೇರಿದ ಟ್ಯಾಂಕನ್ನು ಖಾಲಿ ಮಾಡಿ, ಉಜ್ಜಿ, ಹೊಸ ನೀರು ತುಂಬಿಸಿ. 1000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗಿಳಿದ ಮೇಲೆ ತಿಳಿಯನ್ನು ಮಾತ್ರ ಸುರಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಷ್ಟೂ ನೀರನ್ನು ಚೆಲ್ಲಿ, ಮತ್ತೆ ತುಂಬಿಸಿದ ಮೇಲಷ್ಟೇ ಮಕ್ಕಳಿಗೆ ಕೊಡಿ. ಪೌಡರು ಹೊಸದಿರಲಿ, ಮುಂಬೈಯ ತೇವಕ್ಕೆ ತೆರೆದಿಟ್ಟ ಪೊಟ್ಟಣ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕಕ್ಕಸು ತೊಳೆಯುವ ಆಸಿಡ್ ಜೊತೆ ಅಪ್ಪಿತಪ್ಪಿಯೂ ಸೇರಬಾರದು, ವಿಷಗಾಳಿ ಏಳುತ್ತದೆ. ಟ್ಯಾಂಕಿನೊಳಗೆ ಯಾರನ್ನೂ ಒಬ್ಬರೇ ಇಳಿಸಬೇಡಿ.

ನೀರಿನಲ್ಲಿ ನಡೆದು ಬಂದ ಮಕ್ಕಳ ಹೆಸರನ್ನು ಅದೇ ದಿನ ಬರೆದಿಡಿ, ಕಾಲಲ್ಲಿ ಗಾಯವಿದ್ದವರದ್ದು ಮೊದಲು. ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ತಡೆಯುವ ಮಾತ್ರೆ ಬೇಕೋ ಬೇಡವೋ ಎಂದು ವೈದ್ಯರೇ ಹೇಳಬೇಕು. ಜ್ವರ ಬರಲೆಂದು ಕಾಯದೆ, ಆ ಪಟ್ಟಿ ಹಿಡಿದು 72 ಗಂಟೆಯೊಳಗೆ ಹತ್ತಿರದ ಪಾಲಿಕೆ ದವಾಖಾನೆಗೆ ಹೋಗಿ.