ಹಾರ್ಟ್ ಆಪರೇಷನ್ ಆಗಿದೆ, ಮಗು ಮಾಡ್ಕೋಬಹುದಾ ಡಾಕ್ಟ್ರೇ?

ಪ್ರಶ್ನೆ: ನನಗೆ 27 ವರ್ಷ, ತೀರ್ಥಹಳ್ಳಿ ತಾಲೂಕಿನ ಹಳ್ಳಿ. ಹುಟ್ಟುವಾಗ್ಲೇ ಹಾರ್ಟ್ ತೊಂದರೆ ಇತ್ತು, ಟೆಟ್ರಾಲಜಿ (ಹಾರ್ಟಲ್ಲಿ ನಾಲ್ಕು ದೋಷ ಒಟ್ಟಿಗೇ ಇರೋದು) ಅಂದಿದ್ರಂತೆ, ಐದನೇ ವರ್ಷಕ್ಕೆ ಬೆಂಗಳೂರಲ್ಲಿ ಓಪನ್ ಹಾರ್ಟ್ ಆಪರೇಷನ್ ಆಯ್ತು. ಹೈಸ್ಕೂಲ್ ತನಕ ಚೆಕಪ್‌ಗೆ ಹೋಗ್ತಿದ್ವಿ, ಆಮೇಲೆ ಬಿಟ್ಟೋಯ್ತು. ಮದುವೆಯಾಗಿ ಎರಡು ವರ್ಷ, ಇನ್ನೂ ಏನೂ ಇಲ್ಲ. ಹಾರ್ಟ್ ದೆಸೆಯಿಂದ್ಲೇ ಆಗ್ತಿಲ್ಲ ಅಂತ ಅತ್ತೆ, ಆಗದಿದ್ರೇ ಒಳ್ಳೇದು ಅಂತ ನಮ್ಮಮ್ಮ. ಯಾರ ಮಾತು ಕೇಳ್ಲಿ?

ಉತ್ತರ: ಸದ್ಯಕ್ಕೆ ಇಬ್ರದ್ದೂ ಬೇಡ. ಅತ್ತೆ ಹೇಳೋದಂತೂ ಬಹುತೇಕ ತಪ್ಪು. ಟೆಟ್ರಾಲಜಿ ಸರಿಯಾಗಿ ರಿಪೇರಿ ಆಗಿರೋ ಹೆಣ್ಮಕ್ಕಳಿಗೆ ಸಾಮಾನ್ಯವಾಗಿ ಎಲ್ಲರ ಹಾಗೇ ಗರ್ಭ ನಿಲ್ಲತ್ತೆ. ಮುಟ್ಟು ಏರುಪೇರಾಗೋದು, ಮತ್ತೆಮತ್ತೆ ಗರ್ಭ ಇಳಿಯೋದು ಇದೆಲ್ಲ ಜಾಸ್ತಿ ಕಾಣೋದು ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇರೋರಲ್ಲಿ, ಇಲ್ಲಾ ಫಾಂಟನ್ ಅನ್ನೋ ದೊಡ್ಡ ಆಪರೇಷನ್ ಆದವರಲ್ಲಿ. ಹಾಗಾಗಿ ಒಂದು ಮಾತು ಕೇಳ್ತೀನಿ ಬೇಜಾರು ಮಾಡ್ಕೋಬೇಡಿ, ನಿಮ್ಮ ಯಜಮಾನ್ರ ವೀರ್ಯ ಪರೀಕ್ಷೆ ಆಗಿದೆಯಾ? ನಿಮ್ಮ ಕಾಗದದಲ್ಲಿ ಅದರ ಸುದ್ದೀನೇ ಇಲ್ಲ. ಎದೆ ಮೇಲೆ ಗಾಯದ ಗೆರೆ ಇರೋದು ಹೆಂಡ್ತೀಗೆ ಅಂತ ದೂರೆಲ್ಲ ಆ ಗೆರೆ ಮೇಲೇ ಹೊರ್ಸಿ ಸುಮ್ನಾಗೋ ಮನೆಗಳನ್ನ ಬೇಕಾದಷ್ಟು ನೋಡಿದೀನಿ. ಜೊತೆಗೆ ನಿಮ್ಮ ಥೈರಾಯ್ಡ್, ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಕೂಡ ನೋಡಿಸ್ಕೊಳಿ.

ಆದ್ರೆ ಇದಕ್ಕೂ ಮುಂಚೆ ಆಗಬೇಕಾದ್ದು ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್. ಮಗುವಿನ ಪ್ರಯತ್ನ ಒಂದೆರಡು ತಿಂಗಳು ಮುಂದೆ ಹಾಕಿದ್ರೂ ಪರವಾಗಿಲ್ಲ. ಆಪರೇಷನ್ ಆಯ್ತು, ಕಥೆ ಮುಗೀತು ಅಂತ ನಮ್ಮ ಜನ ತಿಳ್ಕೊಂಡಿರ್ತಾರೆ, ಟೆಟ್ರಾಲಜಿಯಲ್ಲಿ ಹಾಗಲ್ಲ. ಶ್ವಾಸಕೋಶಕ್ಕೆ ರಕ್ತ ಹೋಗೋ ದಾರಿ ಕಿರಿದಾಗಿರತ್ತೆ, ಅದನ್ನ ಅಗಲ ಮಾಡುವಾಗ ಅಲ್ಲಿನ ವಾಲ್ವ್ ಎಷ್ಟೋ ಜನರಿಗೆ ಸೋರೋಕೆ ಶುರುವಾಗತ್ತೆ, ಹಳೇ ಹೆಂಚಿನ ಮನೆ ಸೋರಿದ ಹಾಗೆ, ಮೊದಮೊದಲು ಗೊತ್ತೇ ಆಗಲ್ಲ, ಇಪ್ಪತ್ತು ವರ್ಷ ಕಳೆಯೋ ಹೊತ್ತಿಗೆ ಹಾರ್ಟಿನ ಬಲಗಡೆ ಕೋಣೆ ಹಿಗ್ಗಿ ನಿಂತಿರತ್ತೆ. ಎಷ್ಟು ಹಿಗ್ಗಿದೆ ಅಂತ ಸರಿಯಾಗಿ ಅಳೆಯೋಕೆ ಎಕೋ ಸಾಲದೆ ಎಂಆರ್‌ಐ ಬೇಕಾಗಬಹುದು, ಎದೆ ಡವಡವ ಅನ್ನೋದಿದ್ರೆ ಇಡೀ ದಿನದ ಹಾರ್ಟ್ ಬಡಿತ ದಾಖಲು ಮಾಡೋ ಹೋಲ್ಟರ್ ಅನ್ನೋ ಯಂತ್ರ ಕಟ್ತಾರೆ. ವಾಲ್ವ್ ಬದಲಾಯಿಸಬೇಕಾಗಿದ್ರೆ ಅದು ಬಸುರಿ ಆಗೋಕೆ ಮುಂಚೆ ಆಗಬೇಕು.

ಯಾಕಿಷ್ಟು ಹೇಳ್ತಿದೀನಿ ಅಂದ್ರೆ ಬಸುರಿಯಲ್ಲಿ ಮೈಯ ರಕ್ತ 40-50 ಪರ್ಸೆಂಟ್ ಜಾಸ್ತಿ ಆಗತ್ತೆ, ಅಷ್ಟನ್ನೂ ಅದೇ ಹಾರ್ಟ್ ಪಂಪ್ ಮಾಡಬೇಕು. ಭಾರ ಜೋರಾಗೋದು 28ರಿಂದ 32ನೇ ವಾರದ ಹೊತ್ತಿಗೆ, ಇನ್ನೊಂದ್ಸಲ ಹೆರಿಗೆ ಆದ ಕೂಡ್ಲೆ, ಗರ್ಭಕೋಶ ಕುಗ್ಗಿ ಅಲ್ಲಿದ್ದ ರಕ್ತ ಎಲ್ಲಾ ಒಂದೇ ಸಲಕ್ಕೆ ವಾಪಸ್ ನುಗ್ಗುತ್ತಲ್ಲ ಆವಾಗ. ಮಗು ಬಂತು, ಗೆದ್ವಿ ಅಂತ ಎಲ್ಲರೂ ಪೇಡ ಹಂಚೋ ಆ ಎರಡು ಮೂರು ದಿನವೇ ನಮಗೆ ನಿದ್ದೆ ಇರಲ್ಲ.

ಹಳೇ ಫೈಲ್ ಹುಡುಕಿ. ಮೊನ್ನೆ ಒಬ್ರು ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಇಟ್ಟಿದ್ದ ಫೈಲ್ ತಂದಿದ್ರು, ಬೂಷ್ಟು ಹಿಡಿದು ಹಾಳೆಗಳೆಲ್ಲ ಹಪ್ಪಳದ ಹಾಗೆ ಅಂಟ್ಕೊಂಡಿದ್ವು, ಅದ್ರಲ್ಲೂ ಆಪರೇಷನ್ ನೋಟಿನ ಒಂದು ಹಾಳೆ ಓದೋಕೆ ಸಿಕ್ತು, ಅಷ್ಟು ಸಾಕಾಯ್ತು. ನಿಮ್ಮದು ಸಿಕ್ರೆ ಮೊದ್ಲು ಮೊಬೈಲಲ್ಲಿ ಫೋಟೋ ತೆಗೆದಿಟ್ಕೊಳಿ. ಆಮೇಲೆ ಬಸುರಿ ಅಂತ ಗೊತ್ತಾದಾಗ ತಾಯಿ ಕಾರ್ಡ್ ಮಾಡಿಸ್ತಾರಲ್ಲ, ಹಾರ್ಟ್ ಆಪರೇಷನ್ ಆಗಿದೆ ಅಂತ ಅದ್ರಲ್ಲಿ ಬರೆಸಿ, ನಾಚ್ಕೋಬೇಡಿ. ಬಿಪಿಗೆ, ಹಾರ್ಟಿಗೆ ಕೊಡೋ ಎನಾಲಾಪ್ರಿಲ್, ರಾಮಿಪ್ರಿಲ್, ಲೋಸಾರ್ಟನ್ ಥರದ ಮಾತ್ರೆ ತಗೋತಿದ್ರೆ ಅವು ಮಗುವಿಗೆ ಆಗಲ್ಲ, ಆದ್ರೆ ನೀವಾಗೇ ನಿಲ್ಲಿಸ್ಬೇಡಿ, ಮುಂಚೇನೇ ಡಾಕ್ಟರ್ ಹತ್ರ ಕೇಳಿ ಬೇರೆ ಬರೆಸ್ಕೊಳಿ. ಫೋಲಿಕ್ ಆಸಿಡ್ ಈಗ್ಲೇ ಶುರು ಮಾಡಿ. ಹುಳುಕು ಹಲ್ಲಿದ್ರೆ ತೋರಿಸ್ಕೊಳಿ, ಬಾಯಿಯ ಸೋಂಕು ವಾಲ್ವಿಗೆ ಹತ್ತಬಹುದು.

ಮಗುವಿಗೂ ಬರತ್ತಾ ಅಂತ ನೀವು ಕೇಳಿಲ್ಲ, ಮನಸ್ಸಲ್ಲಿ ಇದ್ದೇ ಇರತ್ತೆ. ಯಾವ ತಾಯಿಯ ಮಗುವಿಗಾದ್ರೂ ನೂರಕ್ಕೆ ಒಂದರಷ್ಟು ಹಾರ್ಟ್ ದೋಷದ ಸಾಧ್ಯತೆ ಇರತ್ತೆ, ತಾಯಿಗೇ ಇದ್ರೆ ಅದು ನಾಲ್ಕೈದರ ಹತ್ರ ಹೋಗತ್ತೆ. ಟೆಟ್ರಾಲಜಿಯವರಲ್ಲಿ ಕೆಲವರಿಗೆ 22ನೇ ಕ್ರೋಮೋಸೋಮಲ್ಲಿ ಒಂದು ಚೂರು ಬಿಟ್ಟು ಹೋಗಿರತ್ತೆ, ಅವರಿಗೆ ಮಾತ್ರ ಲೆಕ್ಕ ಅರ್ಧಕ್ಕರ್ಧ, ಅದಕ್ಕೆ ಒಂದು ಜೆನೆಟಿಕ್ ಟೆಸ್ಟ್ ಬಗ್ಗೆ ವಿಚಾರಿಸಿ. ಬಸುರಿಯಾದ್ಮೇಲೆ 18ರಿಂದ 22 ವಾರದೊಳಗೆ ಮಗುವಿನ ಹಾರ್ಟಿಗೇ ಎಕೋ ಮಾಡಿಸಿ, ಫೀಟಲ್ ಎಕೋ ಅಂತ ಕೇಳಿದ್ರೆ ಸಾಕು.

ಹೆರಿಗೆ ಬಹಳಷ್ಟು ಜನರಿಗೆ ನಾರ್ಮಲ್ಲೇ ಒಳ್ಳೇದು, ನೋವು ಕಮ್ಮಿ ಮಾಡೋ ಎಪಿಡ್ಯೂರಲ್ ಕೊಟ್ಟು. ಹಾರ್ಟ್ ಪೇಷಂಟ್ ಅಂದ್ರೆ ಸಿಸೇರಿಯನ್ನೇ ಅಂತ ಇಲ್ಲ. ನಮ್ಮ ಕಡೆ ಜಾಸ್ತಿ ಯೋಚನೆ ಮಾಡಬೇಕಾದ್ದು ರಸ್ತೆ ಬಗ್ಗೆ. ನವೆಂಬರಲ್ಲಿ ನಿಂತ್ರೆ ಡೆಲಿವರಿ ಆಗಸ್ಟಿಗೆ ಬರತ್ತೆ, ಆ ಮಳೇಲಿ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಮಣಿಪಾಲಕ್ಕೆ ಅಂತ ಹೊರಟ್ರೆ ಆಗುಂಬೆ ಘಾಟೀಲಿ ಮಣ್ಣು ಕುಸಿದಿದ್ರೆ ಅಲ್ಲೇ ನಿಲ್ಬೇಕು. ಒಂಬತ್ತು ತಿಂಗಳು ಬಿದ್ದ ಕೂಡ್ಲೆ ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ನೆಂಟರ ಮನೆ ನೋಡ್ಕೊಂಡು ಬಂದು ಇರಿ. ಎಲ್ಲಿ ಹೆರಿಗೆ ಅನ್ನೋದನ್ನ ಏಳನೇ ತಿಂಗಳಲ್ಲೇ ಹಾರ್ಟ್ ಡಾಕ್ಟರ್, ಹೆರಿಗೆ ಡಾಕ್ಟರ್ ಇಬ್ರೂ ಮಾತಾಡಿ ಬರೆದಿಟ್ಟಿರಬೇಕು.

ಪ್ರಶ್ನೆ: ಸಾಗರದಿಂದ ಬರೀತಿದೀನಿ. ಮಗಳಿಗೆ 24. ಹಾರ್ಟಲ್ಲಿ ತೂತಿತ್ತು, ನಮಗೆ ತಡವಾಗಿ ಗೊತ್ತಾಯ್ತು, ಅಷ್ಟರಲ್ಲಿ ಶ್ವಾಸಕೋಶದ ಪ್ರೆಶರ್ ಏರಿದೆ, ಇನ್ನು ಮುಚ್ಚೋಕಾಗಲ್ಲ ಅಂದ್ರು. ತುಟಿ ನೀಲಿ ಆಗತ್ತೆ. ಬಸುರಿ ಆಗ್ಲೇಬಾರ್ದು ಅಂದಿದಾರೆ. ಒಳ್ಳೇ ಸಂಬಂಧ ಬಂದಿದೆ, ಮುಚ್ಚಿಟ್ಟು ಮದುವೆ ಮಾಡಿದ್ರೆ ತಪ್ಪಾ?

ಉತ್ತರ: ಅಮ್ಮಾ, ಮದುವೆ ಮಾಡಿ, ಮುಚ್ಚಿಡಬೇಡಿ. ಮುಚ್ಚಿಟ್ರೆ ಆರು ತಿಂಗಳಲ್ಲಿ ವಿಶೇಷ ಏನಾದ್ರೂ ಇದೆಯಾ ಅಂತ ಕೇಳೋಕೆ ಶುರು ಮಾಡ್ತಾರೆ, ಆ ಹುಡುಗಿ ಬಾಯಿ ಬಿಡೋಕಾಗದೆ ಬಸುರಿ ಆಗಿ ಬರ್ತಾಳೆ. ನಿಮ್ಮ ಮಗಳ ಈ ತೊಂದರೆಗೆ ಐಸೆನ್‌ಮೆಂಗರ್ ಅಂತಾರೆ, ಇದ್ರಲ್ಲಿ ಬಸುರಿಯಾದ್ರೆ ನೂರು ಜನರಲ್ಲಿ 20-30 ತಾಯಂದಿರು ಉಳಿಯಲ್ಲ, ಹಳೇ ಲೆಕ್ಕದಲ್ಲಿ ಇನ್ನೂ ಜಾಸ್ತಿ. ರಕ್ತದ ಆಕ್ಸಿಜನ್ 85 ಪರ್ಸೆಂಟಿಗಿಂತ ಕಮ್ಮಿ ಇದ್ರೆ ಮಗು ಉಳಿಯೋದೂ ಕಷ್ಟ. ನಿಮ್ಮ ಡಾಕ್ಟರ್ ಸುಮ್ನೆ ಹೆದರಿಸಿಲ್ಲ.

ಗರ್ಭ ತಡೆಯೋಕೆ ಈಸ್ಟ್ರೋಜನ್ ಇರೋ ಮಾಮೂಲಿ ಗುಳಿಗೆ ಬೇಡ, ರಕ್ತ ಹೆಪ್ಪುಗಟ್ಟತ್ತೆ. ಪ್ರೊಜೆಸ್ಟರಾನ್ ಮಾತ್ರ ಇರೋ ದಾರಿಗಳಿವೆ, ಯಾವುದು ಅಂತ ಮದುವೆಗೆ ಮುಂಚೇನೇ ಕೂತು ತೀರ್ಮಾನ ಮಾಡಿ. ಅಕಸ್ಮಾತ್ ನಿಂತ್ರೆ ಒಂದು ದಿನವೂ ತಡ ಮಾಡದೆ ಬನ್ನಿ, ಬೇಗ ಬಂದಷ್ಟೂ ತೆಗೆಸೋದ್ರಲ್ಲಿ ಅಪಾಯ ಕಮ್ಮಿ. ಮಗು ಬೇಕೇ ಬೇಕು ಅಂದ್ರೆ ದತ್ತು ಇದೆ. ಬಾಡಿಗೆ ತಾಯ್ತನಕ್ಕೂ 2021ರ ಕಾನೂನಲ್ಲಿ ಇಂಥವರಿಗೆ ದಾರಿ ಇದೆ, ದುಡ್ಡಿಗೆ ಮಾಡಿಸೋ ಹಾಗಿಲ್ಲ ಅಷ್ಟೇ. ಆದ್ರೆ ಅದಕ್ಕೆ ಅಂಡಾಣು ತೆಗೆಯೋಕೆ ಕೊಡೋ ಹಾರ್ಮೋನ್ ಇಂಜೆಕ್ಷನ್ನೂ ಅನಸ್ತೇಷಿಯಾನೂ ನಿಮ್ಮ ಮಗಳ ಹಾರ್ಟಿಗೆ ಅಪಾಯವೇ. ನನ್ನ ಕೇಳಿದ್ರೆ ದತ್ತು.

ಪ್ರಶ್ನೆ: ಶಿವಮೊಗ್ಗ. ಎಎಸ್‌ಡಿ (ಹಾರ್ಟಿನ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯ) ತೂತು ನಾಲ್ಕು ವರ್ಷದ ಹಿಂದೆ ಡಿವೈಸ್ ಹಾಕಿ ಮುಚ್ಚಿದಾರೆ, ಈಗ ಎಂಟು ತಿಂಗಳು, ಎಕೋ ಚೆನ್ನಾಗಿದೆ. ಅತ್ತೆ ಬಾಣಂತನಕ್ಕೆ ಹಂಡೆ ನೀರು, ಲೇಹ್ಯ ಅಂತೆಲ್ಲ ರೆಡಿ ಮಾಡ್ತಿದಾರೆ, ನೀರು ಜಾಸ್ತಿ ಕುಡೀಬಾರ್ದಂತೆ.

ಉತ್ತರ: ನಿಮ್ಮದು ಕಮ್ಮಿ ಅಪಾಯದ ಗುಂಪು, ಹೆದರೋದು ಏನಿಲ್ಲ. ಲೇಹ್ಯ ಒಂದು ಚಮಚ ತಿನ್ನಿ, ಏನೇನು ಹಾಕಿದಾರೆ ಅಂತ ಡಾಕ್ಟರಿಗೆ ಹೇಳಿ. ನೀರು ಮಾತ್ರ ಬಾಯಾರಿದಷ್ಟೂ ಕುಡೀರಿ, ಕಮ್ಮಿ ಮಾಡಿದ್ರೆ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಭಯ ಇದೆ. ಹಂಡೆ ತುಂಬ ಕುದಿಯೋ ನೀರನ್ನ ಬಚ್ಚಲ ಹೊಗೇಲಿ ಕೂರಿಸಿ ಹೊಯ್ದ್ರೆ ಬಿಪಿ ದಡಕ್ಕಂತ ಇಳಿದು ಅಲ್ಲೇ ಬೀಳ್ತಾರೆ, ಉಗುರುಬೆಚ್ಚಗಿದ್ರೆ ಸಾಕು, ಸ್ಟೂಲ್ ಮೇಲೆ ಕೂತು ಸ್ನಾನ ಮಾಡಿ, ಬಾಗಿಲು ಚಿಲಕ ಹಾಕ್ಬೇಡಿ. ರಾತ್ರಿ ಮಲಗಿದ್ರೆ ಉಸಿರು ಕಟ್ಟಿ ಎದ್ದು ಕೂರೋ ಹಾಗಾದ್ರೆ, ಬಾಣಂತಿಗೆ ಸುಸ್ತು ಇದ್ದದ್ದೇ ಅಂತ ಯಾರೇ ಅಂದ್ರೂ ಬೆಳಗಾಗೋ ತನಕ ಕಾಯದೆ 108ಕ್ಕೆ ಫೋನ್ ಮಾಡಿ.