ಪಿಎಂಎಲ್‌ಗೆ ಸಿಡೊಫೊವಿರ್ ಏಕೆ ಕೊಡುವುದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ತಮ್ಮನಿಗೆ ಎಚ್‌ಐವಿ ಇದೆ, ಈಗ ಪಿಎಂಎಲ್ (ವೈರಸ್‌ನಿಂದ ಬರುವ ಮಿದುಳಿನ ರೋಗ) ಎಂದಿದ್ದಾರೆ. ಸಿಡೊಫೊವಿರ್ ಎಂಬ ವೈರಸ್ ನಿರೋಧಕ ಔಷಧ ಪಡೆದ ಇಂಥ ರೋಗಿಗಳು ಚೇತರಿಸಿಕೊಂಡ ವರದಿಗಳನ್ನು ಓದಿದ್ದೀರಿ. ಹಾಗಿದ್ದೂ ವೈದ್ಯರು ಅದನ್ನು ಕೊಡಲು ಒಪ್ಪುತ್ತಿಲ್ಲ, ಏಕೆ?

ನನ್ನ ಪ್ರಕಾರ ವೈದ್ಯರು ಹೇಳಿದ್ದೇ ಸರಿ. ನೀವು ಓದಿದ ವರದಿಗಳೂ ಸುಳ್ಳಲ್ಲ. ಆ ರೋಗಿಗಳು ಚೇತರಿಸಿಕೊಂಡದ್ದು ನಿಜ, ಆದರೆ ಅವರನ್ನು ಉಳಿಸಿದ್ದು ಜೊತೆಗೇ ನಡೆಯುತ್ತಿದ್ದ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತ್ತಿಕ್ಕುವ ಔಷಧಗಳ ಚಿಕಿತ್ಸೆ.

ಪಿಎಂಎಲ್ ತರುವ ಜೆಸಿ ವೈರಸ್ ಅರ್ಧಕ್ಕಿಂತ ಹೆಚ್ಚು ವಯಸ್ಕರ ಮೈಯಲ್ಲಿ ಸುಮ್ಮನೆ ಬಿದ್ದಿರುತ್ತದೆ. ಸಿಡಿ4 ಎಂಬ ರೋಗನಿರೋಧಕ ಕೋಶಗಳ ಎಣಿಕೆ ಕುಸಿದಾಗ ಅದು ತಲೆಯೆತ್ತಿ, ಮಿದುಳಿನಲ್ಲಿ ನರತಂತುಗಳಿಗೆ ಮಯಲಿನ್ ಎಂಬ ರಕ್ಷಾಕವಚ ಹೊದಿಸುವ ಕೋಶಗಳನ್ನು ಕೊಲ್ಲುತ್ತದೆ. ಸಿಡೊಫೊವಿರ್ ಮೊದಲು ಬಳಕೆಗೆ ಬಂದದ್ದು ಏಡ್ಸ್ ರೋಗಿಗಳ ಕಣ್ಣಿಗೆ ತಗಲುವ ಸೈಟೊಮೆಗಾಲೊವೈರಸ್ ಸೋಂಕಿಗೆ. ಆ ವೈರಸ್‌ಗೆ ತನ್ನದೇ ಡಿಎನ್‌ಎ ಪಾಲಿಮರೇಸ್ (ಡಿಎನ್‌ಎ ನಕಲು ಮಾಡುವ ಕಿಣ್ವ) ಇದೆ, ಔಷಧ ಅದನ್ನು ತಡೆಯುತ್ತದೆ. ಜೆಸಿ ವೈರಸ್‌ಗೆ ಸ್ವಂತ ಪಾಲಿಮರೇಸೇ ಇಲ್ಲ, ನಮ್ಮ ಕೋಶದ್ದನ್ನೇ ಬಳಸಿಕೊಳ್ಳುತ್ತದೆ. ಸಾಲದ್ದಕ್ಕೆ, ಸಿಡೊಫೊವಿರ್ ರಕ್ತದಿಂದ ಮಿದುಳಿಗೆ ದಾಟುವುದು ತೀರಾ ಕಡಿಮೆ. ಹೀಗಿದ್ದೂ ಪರೀಕ್ಷೆ ಮಾಡಿದರು, ಏಕೆಂದರೆ ಕೈಯಲ್ಲಿ ಬೇರೆ ಏನೂ ಇರಲಿಲ್ಲ.

ಅದಕ್ಕೂ ಮುಂಚೆ ಸೈಟರಾಬಿನ್ ಎಂಬ ಕ್ಯಾನ್ಸರ್ ಔಷಧದ ಸರದಿ ಬಂದಿತ್ತು. ಪ್ರಯೋಗಾಲಯದ ಕೋಶಗಳಲ್ಲಿ ಅದು ಜೆಸಿ ವೈರಸ್ಸನ್ನು ಚೆನ್ನಾಗಿಯೇ ಹತ್ತಿಕ್ಕಿತ್ತು. 57 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು: ಎಚ್‌ಐವಿ ಔಷಧ ಮಾತ್ರ, ಅದರ ಜೊತೆ ರಕ್ತನಾಳಕ್ಕೆ ಸೈಟರಾಬಿನ್, ಅದರ ಜೊತೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಸೈಟರಾಬಿನ್. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರೂ ಗುಂಪಿನವರು ಬದುಕಿದ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೆನ್ನಿನ ದ್ರವಕ್ಕೆ ಹಾಕಿದ ಔಷಧ ಅಲ್ಲಿಂದ ಮಿದುಳಿನ ಆಳಕ್ಕೆ ಇಳಿಯುವುದೇ ಕಷ್ಟ.

ಇನ್ನು ಸಿಡೊಫೊವಿರ್. 24 ರೋಗಿಗಳ ಒಂದು ಅಧ್ಯಯನದಲ್ಲಿ ಎಲ್ಲರಿಗೂ ಔಷಧ ಕೊಟ್ಟರು, ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ದೇಹತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಲೆಕ್ಕದಲ್ಲಿ ಮೊದಲ ದಿನ ಒಂದು ಡೋಸ್, ವಾರದ ನಂತರ ಇನ್ನೊಂದು, ಆಮೇಲೆ ಎರಡು ವಾರಕ್ಕೊಮ್ಮೆ. ಓದಲು ಸರಳ, ಕೊಡಲು ಅಲ್ಲ. 60 ಕಿಲೋ ತೂಕದವರಿಗೆ 300 ಮಿ.ಗ್ರಾಂ. ಬೇಕು. ವಯಲ್‌ನಲ್ಲಿ ಪ್ರತಿ ಮಿ.ಲೀ.ಗೆ 75 ಮಿ.ಗ್ರಾಂ. ಇರುವುದರಿಂದ 4 ಮಿ.ಲೀ. ಎಳೆದು, 100 ಮಿ.ಲೀ. ಸಲೈನ್‌ನಲ್ಲಿ ಬೆರೆಸಿ ಒಂದು ಗಂಟೆಯಲ್ಲಿ ಹರಿಸಬೇಕು. ಅದಕ್ಕೆ ಮುಂಚೆ ಒಂದು ಲೀಟರ್ ಸಲೈನ್ ಒಳಗೆ ಹೋಗಿರಬೇಕು. ಮೂರು ಗಂಟೆ ಮೊದಲೇ ಕಿಡ್ನಿಯನ್ನು ಕಾಯುವ ಪ್ರೊಬೆನೆಸಿಡ್ ಮಾತ್ರೆ 2 ಗ್ರಾಂ, ಡ್ರಿಪ್ ಮುಗಿದ 2 ಗಂಟೆಗೆ 1 ಗ್ರಾಂ, 8 ಗಂಟೆಗೆ ಮತ್ತೆ 1 ಗ್ರಾಂ. 2 ಗ್ರಾಂ ಎಂದರೆ 500 ಮಿ.ಗ್ರಾಂ.ನ ನಾಲ್ಕು ಮಾತ್ರೆ. ಪಿಎಂಎಲ್ ರೋಗಿಗೆ ಎಷ್ಟೋ ಸಲ ನುಂಗುವುದೇ ಕಷ್ಟ. ನುಂಗಿದ್ದು ವಾಂತಿಯಾದರೆ ಕಿಡ್ನಿಗೆ ಇದ್ದ ರಕ್ಷಣೆಯೂ ಹೋಯಿತು.

ಏಕೆಂದರೆ ಸಿಡೊಫೊವಿರ್ ಕೈಯಿಡುವುದು ಕಿಡ್ನಿಗೆ. ಪ್ರತಿ ಡೋಸ್‌ಗೆ ಮುಂಚಿನ 48 ಗಂಟೆಯೊಳಗೆ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಏರುವ ಅಂಶ) ಮತ್ತು ಮೂತ್ರದ ಪ್ರೋಟೀನ್ ನೋಡಲೇಬೇಕು. ಕ್ರಿಯಾಟಿನಿನ್ ಪ್ರತಿ ಡೆ.ಲೀ.ಗೆ 1.5 ಮಿ.ಗ್ರಾಂ.ಗಿಂತ ಹೆಚ್ಚಿದ್ದರೆ ಶುರು ಮಾಡುವ ಹಾಗಿಲ್ಲ. ನಡುವೆ 0.3 ಏರಿದರೆ ಡೋಸ್ ಪ್ರತಿ ಕಿಲೋಗೆ 3 ಮಿ.ಗ್ರಾಂ.ಗೆ ಇಳಿಸಬೇಕು, 0.5 ಏರಿದರೆ ನಿಲ್ಲಿಸಬೇಕು. ಜೊತೆಗೆ ಟೆನೊಫೊವಿರ್ ಎಂಬ ಎಚ್‌ಐವಿ ಔಷಧ ನಡೆಯುತ್ತಿದ್ದರೆ ಎರಡೂ ಸೇರಿ ಕಿಡ್ನಿಯ ಮೇಲೆ ಹೊರೆ. ಸಲ್ಫಾ ಔಷಧಕ್ಕೆ ಜೋರಾಗಿ ಅಲರ್ಜಿ ಆದವರಿಗೆ ಪ್ರೊಬೆನೆಸಿಡ್ ಕೊಡುವಂತಿಲ್ಲ. ಎಚ್‌ಐವಿ ಇರುವವರಲ್ಲಿ ಸಲ್ಫಾ ಅಲರ್ಜಿ ಅಪರೂಪವೇನಲ್ಲ.

ಇಷ್ಟೆಲ್ಲ ಮಾಡಿಯೂ ಆ 24 ಜನರ ನರಪರೀಕ್ಷೆಯ ಅಂಕಗಳು ಸುಧಾರಿಸಲಿಲ್ಲ. 2002ರಲ್ಲಿ ಅದು ಪ್ರಕಟವಾಯಿತು.

ಹಾಗಾದರೆ ನೀವು ಓದಿದ ಚೇತರಿಕೆಗಳು? ಇಲ್ಲಿ ಎರಡು ಕಣ್ಕಟ್ಟುಗಳಿವೆ. ಎಆರ್‌ಟಿ ಬರುವ ಮುಂಚೆ ಪಿಎಂಎಲ್ ಆದವರಲ್ಲಿ ಹೆಚ್ಚಿನವರು ಕೆಲವೇ ತಿಂಗಳಲ್ಲಿ ತೀರಿಕೊಳ್ಳುತ್ತಿದ್ದರು. ಎಆರ್‌ಟಿ ಬಂದ ಮೇಲೆ ಸುಮಾರು ಅರ್ಧದಷ್ಟು ಜನ ವರ್ಷ ದಾಟುತ್ತಾರೆ. ಹಳೆಯ ರೋಗಿಗಳ ಜೊತೆ ಹೋಲಿಸಿದರೆ ಎಆರ್‌ಟಿ ಜೊತೆ ಸಕ್ಕರೆ ನೀರು ಕೊಟ್ಟರೂ ಗೆದ್ದಂತೆಯೇ ಕಾಣುತ್ತದೆ. ಎರಡನೆಯದು ಇನ್ನೂ ಸೂಕ್ಷ್ಮ. ಔಷಧ ತರಿಸಿ, ಕಿಡ್ನಿ ಪರೀಕ್ಷೆ ಮುಗಿಸಿ, ಶುರು ಮಾಡಲು ಎರಡು ವಾರ ಹಿಡಿಯಿತು ಎನ್ನಿ. ಆ ಎರಡು ವಾರದಲ್ಲಿ ತೀರಿಕೊಂಡವರು ಲೆಕ್ಕದಲ್ಲಿ ‘ಔಷಧ ಪಡೆಯದವರು’ ಆಗುತ್ತಾರೆ. ಔಷಧದ ಗುಂಪಿಗೆ ಗಟ್ಟಿಯಾದವರೇ ಉಳಿಯುತ್ತಾರೆ. 2000ದಲ್ಲಿ ಒಂದು ಸಣ್ಣ ಅಧ್ಯಯನ ಸಿಡೊಫೊವಿರ್‌ನಿಂದ ಲಾಭವಿದೆ ಎಂದಿತ್ತು. 2008ರಲ್ಲಿ ಹಲವು ಅಧ್ಯಯನಗಳ 370 ರೋಗಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಆ ಲಾಭ ಉಳಿಯಲಿಲ್ಲ.

ಬೆನ್ನಿನ ದ್ರವದಲ್ಲಿ ಜೆಸಿ ವೈರಸ್ ಕಡಿಮೆಯಾಯಿತು ಎಂಬ ಪುರಾವೆಯನ್ನೂ ಒಂಟಿಯಾಗಿ ನಂಬಬೇಡಿ. ಎಆರ್‌ಟಿ ಒಂದರಿಂದಲೇ ಅದು ಇಳಿಯುತ್ತದೆ. ಮೆಫ್ಲೊಕ್ವಿನ್ ಎಂಬ ಮಲೇರಿಯಾ ಮಾತ್ರೆಯ ಪರೀಕ್ಷೆ ಈ ವಿಷಯದಲ್ಲಿ ಹೆಚ್ಚು ಅಚ್ಚುಕಟ್ಟು. ಅದು ಮಿದುಳನ್ನು ಚೆನ್ನಾಗಿ ತಲುಪುವ ಔಷಧ, ಹೋಲಿಕೆಗೆ ಮಾಮೂಲಿ ಚಿಕಿತ್ಸೆಯ ಗುಂಪೂ ಇತ್ತು. 37 ಜನ ಸೇರಿದ ಮೇಲೆ ಮಧ್ಯಂತರ ಲೆಕ್ಕ ನೋಡಿದಾಗ ಬೆನ್ನಿನ ದ್ರವದ ವೈರಸ್ ಪ್ರಮಾಣದಲ್ಲಿ ವ್ಯತ್ಯಾಸ ಕಾಣದೆ ನಿಲ್ಲಿಸಿದರು. ಹಾಗಾಗಿ ಯಾವ ಹೊಸ ಔಷಧದ ಸುದ್ದಿ ಬಂದರೂ ನಾನು ಮೊದಲು ಹುಡುಕುವುದು ಇದನ್ನೇ: ಅದೇ ಕಾಲದಲ್ಲಿ ಬರೀ ಎಆರ್‌ಟಿ ಪಡೆದ ಗುಂಪು ಇತ್ತೇ?

ನಿಮ್ಮ ತಮ್ಮನ ವಿಷಯಕ್ಕೆ ಬಂದರೆ, ಒಂದೂ ಡೋಸ್ ತಪ್ಪದ ಎಆರ್‌ಟಿಯೇ ಈಗಿರುವ ಚಿಕಿತ್ಸೆ. ಅದನ್ನು ಶುರು ಮಾಡಿದ ಕೆಲವು ವಾರಗಳಲ್ಲಿ ಕೈಕಾಲಿನ ಬಲ ಇನ್ನೂ ಕುಗ್ಗಿ, ಎಂಆರ್‌ಐ ಕೆಟ್ಟದಾಗಿ ಬಂದರೆ ಔಷಧ ಸೋತಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಮರಳಿ ಬಂದ ರೋಗನಿರೋಧಕ ಶಕ್ತಿ ಮಿದುಳಿನ ವೈರಸ್ ಮೇಲೆ ಮುಗಿಬಿದ್ದು ಊತ ತಂದಿರಬಹುದು, ಇದನ್ನು ಐರಿಸ್ ಎನ್ನುತ್ತಾರೆ. ಪಿಎಂಎಲ್‌ನ ಮಚ್ಚೆಗಳು ಸಾಮಾನ್ಯವಾಗಿ ಕಾಂಟ್ರಾಸ್ಟ್ (ಸ್ಕ್ಯಾನ್‌ಗೆ ಚುಚ್ಚುವ ದ್ರವ) ಹೀರುವುದಿಲ್ಲ, ಐರಿಸ್ ಆದಾಗ ಅಂಚಿನಲ್ಲಿ ಹೀರಿ ಹೊಳೆಯಬಹುದು. ಆದ್ದರಿಂದ ಸ್ಕ್ಯಾನ್ ಕಾಂಟ್ರಾಸ್ಟ್ ಹಾಕಿ ತೆಗೆದದ್ದೇ ಎಂದು ವೈದ್ಯರನ್ನು ಕೇಳಿ. ಊತ ಜೋರಾಗಿದ್ದರೆ ಎಆರ್‌ಟಿ ಮುಂದುವರಿಸುತ್ತಲೇ ಕೆಲವು ದಿನ ಸ್ಟೀರಾಯ್ಡ್ ಕೊಡಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.